ಎರಡು ಗ್ರೈಂಡರ್, ಒಂದು ಹೊಸಿಲು

ನನಗೆ ಕೋಪ ಮೂಗಿನ ತುದಿಯಲ್ಲಿದೆ, ಜಂಬ ಅದಕ್ಕಿಂತ ಒಂದು ಗೇಣು ಮೇಲೆ. ಇದು ನನ್ನ ಮಾತಲ್ಲ, ಅಕ್ಕನದು. ಮರಗೆಲಸ ಮಾಡುವವನಿಗೆ ಇವೆರಡೂ ಇರಬಾರದು. ನನಗೆ ಎರಡೂ ಇದ್ದವು, ಅದಕ್ಕೇ ಒಂದು ಬೆಳಿಗ್ಗೆ ಅಕ್ಕನ ಬಲಗೈ ಪಣಕ್ಕೆ ಬಿತ್ತು. ಅವ್ವ ತೀರಿಕೊಂಡ ಮೇಲೆ ನನಗೆ ಮುದ್ದೆ ತೊಳಸಿ ಹಾಕಿದ ಕೈ ಅದು. ಈಗ ಅದೇ ಕೈ ಅರಕಲಗೂಡಿನ ಹತ್ತಿರದ ಹಳ್ಳಿಯಲ್ಲಿ ಹೊಲಿಗೆ ಮಿಷನ್ ಮುಂದೆ ಕೂತು ಊರಿನ ಅರ್ಧ ಹೆಂಗಸರಿಗೆ ರವಿಕೆ ಹೊಲಿಯುತ್ತದೆ.

ನನ್ನ ಶೆಡ್ಡು ಹೊಳೆನರಸೀಪುರದಲ್ಲಿ. ಭಾವನದು, ಅಂದರೆ ಅಕ್ಕನ ಗಂಡನದು, ಅರಕಲಗೂಡಿನಲ್ಲಿ. ಇಬ್ಬರದೂ ಒಂದೇ ಕಸುಬು. ದೊಡ್ಡ ಕೆಲಸ ಬಂದರೆ ಸೇರುತ್ತೇವೆ, ಸೇರಿದಾಗಲೆಲ್ಲ ಕಿತ್ತಾಡುತ್ತೇವೆ. ಅವರು ಒಂದು ಮೊಳೆ ಹೊಡೆಯುವ ಮುಂಚೆ ಮೂರು ಸಲ ಅಳೆಯುವ ಮನುಷ್ಯ. ನಾನು ಕಣ್ಣಳತೆಯವನು. ಆ ವರ್ಷ ಇಬ್ಬರ, ಮರ ಕಲ್ಲು ಕೊಯ್ಯುವ ಕೈ ಗ್ರೈಂಡರುಗಳೂ ಹೆಚ್ಚುಕಮ್ಮಿ ಒಟ್ಟಿಗೇ ಸುಟ್ಟುಹೋದವು. ಭಾವ ಹಾಸನಕ್ಕೆ ಹೋಗಿ, ಅಂಗಡಿಯವನ ಹತ್ತಿರ ಅರ್ಧ ದಿನ ಕೂತು, ಹೆಸರಾದ ಕಂಪನಿಯದೊಂದು ತಂದರು. ಅದಕ್ಕೆ ಕೊಟ್ಟ ದುಡ್ಡಿಗೆ ನನ್ನಂಥವು ಮೂರು ಬರುತ್ತಿದ್ದವು. ನಾನು ಚನ್ನರಾಯಪಟ್ಟಣದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಕಂಡ ಅಂಗಡಿಗೆ ನುಗ್ಗಿ, ಬಸ್ಸು ಬರುವಷ್ಟರಲ್ಲಿ ಒಂದನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಬಂದಿದ್ದೆ. ಕಂಪನಿಯ ಹೆಸರನ್ನು ಓದಲು ನಾನೂ ಹೋಗಲಿಲ್ಲ, ಓದುವ ಹಾಗೆ ಅದೂ ಇರಲಿಲ್ಲ.

ಭಾನುವಾರ ಭಾವನ ಶೆಡ್ಡಿನಲ್ಲಿ ಪಂದ್ಯ ನಡೆಯಿತು. ಹಳೆಯ ಹಲಸಿನ ತೊಲೆ ಒಂದಿತ್ತು, ಅದಕ್ಕೆ ಎರಡು ಗೆರೆ ಹಾಕಿದೆವು. ಅವರ ಮಿಷನ್ ಗುಂಯ್ ಎಂದು ಒಂದೇ ಉಸಿರಿನಲ್ಲಿ ಇಳಿಯಿತು. ನನ್ನದು ಕಿರುಚಿಕೊಂಡು, ಹಿಂದಿನ ಕಿಂಡಿಯಲ್ಲಿ ಕಿಡಿ ಉಗುಳುತ್ತಾ, ಸುಟ್ಟ ವಾಸನೆ ಬಿಡುತ್ತಾ ಇಳಿಯಿತು. ಆದರೆ ಇಳಿಯಿತು. ಮುಗಿದಾಗ ನೋಡಿದರೆ ಅವರಿಗಿಂತ ನಾನೇ ಒಂದು ಕೈ ಮುಂದೆ. ಅಂಗೈ ಅರ್ಧ ಗಂಟೆ ಜುಮುಜುಮು ಅನ್ನುತ್ತಿತ್ತು, ಅದನ್ನು ನಾನು ಯಾರಿಗೂ ಹೇಳಲಿಲ್ಲ. ಇನ್ನೊಂದನ್ನೂ ಮುಚ್ಚಿಟ್ಟೆ. ಮರ ಕೊಯ್ಯುವ ದೊಡ್ಡ ಬ್ಲೇಡ್ ಕೂರಲಿ ಅಂತ, ಬ್ಲೇಡಿಗೆ ಕೈ ತಾಗದ ಹಾಗೆ ಮುಚ್ಚುವ ಗಾರ್ಡ್ ಬಿಚ್ಚಿ ಮೂಲೆಗೆ ಎಸೆದಿದ್ದೆ.

"ಕೊಯ್ಯಾದು ಎಲ್ಡೂ ಕೊಯ್ತವೆ ಕಣ್ಲಾ," ಅಂದರು ಭಾವ. "ಇದ್ರಲ್ಲಿ ಒಂದು ಅನುಕೂಲ ಅದೆ. ಕರೆಂಟ್ ಓಗಿ ಬಂದ್ರೆ ತಾನಾಗೆ ಸುರುವಾಗಕಿಲ್ಲ. ಸ್ವಿಚ್ಚ ಇಂದಕ್ಕೆಳ್ದು ಮತ್ತೆ ಮುಂದಕ್ಕೆ ತಳ್ಬೇಕು."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಕರೆಂಟ್ ಬಂದ್ರೂ ಓಡ್ದೆ ಇರೋ ಮಿಷನ್ನಿಗೆ ಅಷ್ಟು ದುಡ್ಡು ಕೊಟ್ರಾ ಭಾವ? ನಂದು ನೋಡಿ, ಕರೆಂಟ್ ಬತ್ತಿದ್ದಂಗೆ ಎದ್ದು ಕೂತ್ಕತದೆ."

ಸುಳ್ಳು ಹೇಳಿರಲಿಲ್ಲ. ನಮ್ಮ ಗ್ರೈಂಡರುಗಳ ಸ್ವಿಚ್ಚು ಬೆನ್ನಿನ ಮೇಲಿರುತ್ತದೆ. ಹೆಬ್ಬೆರಳಿನಿಂದ ಮುಂದಕ್ಕೆ ತಳ್ಳಿದರೆ ಅಲ್ಲೇ ಕೂರುತ್ತದೆ. ಕೆಲಸದ ಮಧ್ಯೆ ಕರೆಂಟ್ ಹೋದರೆ ನಾನು ಅದನ್ನು ಹಿಂದಕ್ಕೆ ಎಳೆಯುತ್ತಲೇ ಇರಲಿಲ್ಲ. ಮಿಷನ್ನನ್ನು ಶೆಡ್ಡಿನ ಸ್ಟ್ಯಾಂಡಿಗೆ ಬಿಗಿದು ಎದುರಿನ ಟೀ ಅಂಗಡಿಯಲ್ಲಿ ಕೂತುಬಿಡುತ್ತಿದ್ದೆ. ಅದು ಕಿರುಚಿತು ಅಂದರೆ ಕರೆಂಟ್ ಬಂತು ಅಂತ ಲೆಕ್ಕ. ಟೀ ಅಂಗಡಿಯವರೇ "ನಿನ್ ಮಿಷನ್ ಕರೀತಾದೆ, ಎದ್ದೋಗು" ಅನ್ನುತ್ತಿದ್ದರು. ಅದನ್ನು ಜಾಣತನ ಅಂತ ತಿಳಿದುಕೊಂಡಿದ್ದೆ. ದಿನಾ ಮಾಡಿದ್ದು ಮನಸ್ಸಿಗೆ ಗೊತ್ತಾಗದೆ ಹೆಬ್ಬೆರಳಿಗೆ ಅಂಟಿಕೊಂಡಿತ್ತು.

ಅದೇ ವರ್ಷ ಅಕ್ಕ ಭಾವ ತಮ್ಮ ಹಳ್ಳಿಯಲ್ಲಿ ಮನೆ ಶುರು ಮಾಡಿದರು. ಬಾಗಿಲುವಾಡವನ್ನು ನಾವಿಬ್ಬರೇ ಮಾಡಿದೆವು, ಹಲಸಿನದು. ನಿಲ್ಲಿಸುವ ಮುಹೂರ್ತ ಹನ್ನೊಂದರ ಒಳಗೆ. ಬೆಳಿಗ್ಗೆ ಒಂಬತ್ತೂವರೆಗೆ ನಿಲ್ಲಿಸಿ ನೋಡಿದರೆ ಮೇಲಿನ ಪಟ್ಟಿಯ ಎರಡೂ ತುದಿಯಲ್ಲಿ ಹೊರಚಾಚಿದ ಕಿವಿಗಳು ಗೋಡೆಗೆ ತಗಲುತ್ತಿದ್ದವು. ನನ್ನ ಕಣ್ಣಳತೆ. ಭಾವ ಟೇಪು ತೆಗೆದು ಮತ್ತೆ ಅಳೆದರು, ಅದು ಬೈದಿದ್ದಕ್ಕಿಂತ ಜಾಸ್ತಿ ಉರಿಯಿತು. ವಾಡವನ್ನು ಮತ್ತೆ ನೆಲಕ್ಕೆ ಮಲಗಿಸಿದೆವು. ನಾನು ಕಿವಿ ಕೊಯ್ಯಲು ಕೂತೆ. ಅವರು ಆ ಕಡೆ ಹೊಸಿಲ ಕೆಳಗಿನ ಕಲ್ಲಿನ ಅಂಚು ಸವರಲು ಕೂತರು. ಪಕ್ಕದ ಮನೆಯಿಂದ ಎಳೆದ ವೈರು, ಒಂದೇ ಜಂಕ್ಷನ್ ಬಾಕ್ಸು, ಎರಡೂ ಮಿಷನ್ನು ಅದಕ್ಕೇ.

ಒಂದು ಕಿವಿ ಮುಗಿದು ಎರಡನೆಯದಕ್ಕೆ ಬ್ಲೇಡ್ ತಾಗಿಸಿದ್ದೆ, ಕರೆಂಟ್ ಹೋಯಿತು. ಗಂಟೆ ಹತ್ತಾಗಿತ್ತು. ಕೈಗರಗಸ ಎಲ್ಲಿ ಅಂತ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮಿಷನ್ ಬಂದ ಮೇಲೆ ನಮ್ಮಿಬ್ಬರ ಚೀಲದಲ್ಲೂ ಗರಗಸ ಇರಲಿಲ್ಲ. ಅರಕಲಗೂಡಿನಲ್ಲಿ ಒಬ್ಬರು ವಯಸ್ಸಾದ ಮೇಸ್ತ್ರಿ ಇದ್ದರು, ಅವರ ಹತ್ತಿರ ಇರುತ್ತದೆ ಅಂದರು ಭಾವ. ಹೋಗಿ ಬರುವುದಕ್ಕೆ ಆರು ಕಿಲೋಮೀಟರ್. ನಾನು ಲುಂಗಿ ಬನಿಯನ್ನಿನಲ್ಲೇ ಬೈಕ್ ಹತ್ತಿದೆ.

ಅಕ್ಕ ಚಾಪೆ, ಅರಿಶಿನ ಕುಂಕುಮದ ತಟ್ಟೆ ಹಿಡಿದುಕೊಂಡು ಒಳಗಿನಿಂದ ಬಂದಳು. ಬಾಗಿಲು ನಿಲ್ಲಿಸುವ ದಿನ ಮನೆಯ ಹೆಂಗಸು ಉಳಿ, ಸುತ್ತಿಗೆ, ಮಟ್ಟಗೋಲುಗಳನ್ನು ಒಂದೊಂದಾಗಿ ತೊಡೆಯ ಮೇಲೆ ಇಟ್ಟುಕೊಂಡು, ಸೆರಗಿನಿಂದ ಒರಸಿ, ಅರಿಶಿನ ಕುಂಕುಮ ಇಡಬೇಕು. ನಮ್ಮ ಮನೆಯ ಪದ್ಧತಿ. ನಮ್ಮವ್ವನೂ ಹೀಗೇ ಮಾಡುತ್ತಿದ್ದಳು. ಈಗ ಉಳಿ ಸುತ್ತಿಗೆಯ ಜೊತೆ ಮಿಷನ್ನಿಗೂ ಆಗಬೇಕು.

"ಬಿರ್ರನೆ ಬಾ ಮಗ," ಅಂದಳು. "ಅಷ್ಟ್ರಲ್ಲಿ ನಾನು ಸಾಮಾನಿಗೆಲ್ಲ ಕುಂಕುಮ ಇಕ್ಕಿರ್ತೀನಿ."

ಮೇಸ್ತ್ರಿಯ ಮನೆಯಲ್ಲಿ ಗರಗಸ ಅಟ್ಟದ ಮೇಲಿತ್ತು. ಅವರು ನಿಧಾನವಾಗಿ ಹತ್ತಿ, ಇಳಿಸಿ, ಬಟ್ಟೆಯಲ್ಲಿ ಒರಸುತ್ತಾ ಹಲ್ಲು ನೋಡುತ್ತಿದ್ದರು. ನಾನು ಬಾಗಿಲಲ್ಲಿ ಕಾಲು ಕುಣಿಸುತ್ತಾ ನಿಂತಿದ್ದೆ. ಅಡುಗೆಮನೆಯಲ್ಲಿ ಅವರ ಹೆಂಡತಿ ಅರ್ಧ ರುಬ್ಬಿದ ಮಿಕ್ಸಿಯ ಮುಂದಿದ್ದರು. ಒಲೆಯ ಕಡೆ ತಿರುಗುವ ಮುಂಚೆ ಅವರ ಕೈ ಮಿಕ್ಸಿಯ ಗುಂಡಿಯನ್ನು ಹಿಂದಕ್ಕೆ ತಿರುಗಿಸಿತು. ನಾನು ನೋಡುತ್ತಿರುವುದನ್ನು ಕಂಡು ನಕ್ಕರು. "ಕರೆಂಟ್ ಬಂದ್ರೆ ಗಿರ್ರಂತ ಮುಖಕ್ಕೆಲ್ಲ ಆರ್ತದೆ ಕಣಪ್ಪ."

ನನ್ನ ಹೆಬ್ಬೆರಳನ್ನು ನೋಡಿಕೊಂಡೆ. ಅದು ಏನನ್ನೂ ಹಿಂದಕ್ಕೆ ಎಳೆದಿರಲಿಲ್ಲ. ಮಿಷನ್ನನ್ನು ಹೇಗಿತ್ತೋ ಹಾಗೇ ನೆಲಕ್ಕಿಟ್ಟು ಎದ್ದು ಬಂದಿದ್ದೆ. ಸ್ಟ್ಯಾಂಡ್ ಇಲ್ಲ, ಗಾರ್ಡ್ ಇಲ್ಲ, ಪ್ಲಗ್ಗು ಬಾಕ್ಸಿನಲ್ಲೇ ಇದೆ. ಅಲ್ಲಿ ಅಕ್ಕ ಅದನ್ನು ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು, ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಬ್ಲೇಡಿನ ಧೂಳು ಒರಸುತ್ತಾಳೆ.

ಫೋನಿಗೆ ಜೇಬು ತಡಕಿದೆ. ಜೇಬೇ ಇರಲಿಲ್ಲ. ಅಂಗಿ, ಅದರೊಳಗಿನ ಫೋನು, ಎರಡೂ ಅಲ್ಲೇ ಗೋಡೆಯ ಮೊಳೆಗೆ ತೂಗುತ್ತಿದ್ದವು. ಮೇಸ್ತ್ರಿ ತಮ್ಮ ಫೋನ್ ಕೊಟ್ಟರು. ಯಾವ ನಂಬರ್ ಒತ್ತಲಿ? ಅಕ್ಕನದೂ ಬಾಯಿಗೆ ಬರದು, ಭಾವನದೂ ಬರದು. ಇಷ್ಟು ವರ್ಷ ದಿನಾ ಮಾತಾಡಿದವರ ಹತ್ತು ಅಂಕಿ ನನ್ನ ತಲೆಯಲ್ಲಿರಲಿಲ್ಲ. ನನ್ನದೇ ನಂಬರಿಗೆ ಮಾಡಿದೆ. ರಿಂಗಾಯಿತು, ಯಾರೂ ಎತ್ತಲಿಲ್ಲ. ಫೋನನ್ನು ಅವರ ಕೈಗೆ ತುರುಕಿ, ಗರಗಸ ಬಿಟ್ಟು, ಬೈಕಿಗೆ ಹಾರಿದೆ. "ಗರಗ್ಸ ಬ್ಯಾಡ್ವೇನಯ್ಯಾ?" ಅಂತ ಅವರು ಕೂಗಿದ್ದು ಬೀದಿ ಕೊನೆಯವರೆಗೂ ಕೇಳುತ್ತಿತ್ತು.

ಮೂರು ಕಿಲೋಮೀಟರ್. ಕರೆಂಟ್ ಬರದಿರಲಿ ಅಂತ ಬೇಡಿಕೊಂಡಿದ್ದು ಜೀವನದಲ್ಲಿ ಅದೊಂದೇ ಸಲ. ದಿನಾ ಹಾಳಾದ ಕರೆಂಟ್ ಅಂತ ಶಾಪ ಹಾಕುವ ಬಾಯಿ, ಇನ್ನೊಂದು ಗಳಿಗೆ ತಡಿಯಪ್ಪ, ಇನ್ನೊಂದೇ ಗಳಿಗೆ ಅನ್ನುತ್ತಿತ್ತು. ಎದುರಿಗೆ ಹುಲ್ಲಿನ ಟ್ರ್ಯಾಕ್ಟರ್ ರಸ್ತೆ ತುಂಬಾ ಬರುತ್ತಿತ್ತು. ಚರಂಡಿಯ ಏರಿಯ ಮೇಲೆ ಬೈಕ್ ಹತ್ತಿಸಿ ದಾಟಿದೆ, ಡ್ರೈವರ್ ನಮ್ಮಪ್ಪನನ್ನೆಲ್ಲ ಸೇರಿಸಿ ಬೈದ. ಬೈಸಿಕೊಂಡು ಸುಮ್ಮನಿದ್ದುದೂ ಅದೇ ಮೊದಲು. ಊರಿನ ಹತ್ತಿರ ಬರುವಾಗ ಎಡಗಡೆ ಒಂದು ತೆಂಗಿನ ತೋಟವಿದೆ. ಅದಕ್ಕೂ ಊರಿಗೂ ಒಂದೇ ಲೈನ್. ತೋಟದ ಬೋರಿನ ಪೈಪು ಒಣಗಿ ಬಾಯಿ ತೆರೆದುಕೊಂಡಿತ್ತು. ಅದನ್ನೇ ನೋಡುತ್ತಾ ಬಂದೆ. ಪೈಪು ಒಂದು ಸಲ ಕೆಮ್ಮಿತು. ಆಮೇಲೆ ನೀರು ಉಕ್ಕಿ ತೊಟ್ಟಿಗೆ ಬಿತ್ತು.

ಕರೆಂಟ್ ಬಂದಿತ್ತು.

ಬೀದಿಗೆ ತಿರುಗುವಾಗಲೇ ನನ್ನ ಮಿಷನ್ನಿನ ಕಿರುಚಾಟ ಕೇಳಿಸಿತು. ಸಾವಿರದಲ್ಲಿ ಗುರುತು ಹಿಡಿಯುತ್ತೇನೆ. ಏನನ್ನೋ ಕಚ್ಚಿ ಎಳೆದಾಡಿದ ಹಾಗೆ ದನಿ ಏರಿಳಿಯುತ್ತಿತ್ತು. ಹೆಂಗಸರ ಕೂಗು. ಆಮೇಲೆ ಎರಡೂ ಒಮ್ಮೆಗೇ ನಿಂತವು. ಆ ನಿಶ್ಶಬ್ದವನ್ನು ಮಾತ್ರ ನಾನು ಇನ್ನೊಂದು ಸಲ ತಡೆದುಕೊಳ್ಳಲಾರೆ. ಬೈಕನ್ನು ನಿಲ್ಲಿಸಲಿಲ್ಲ, ಬೀಳಿಸಿ ಓಡಿದೆ.

ಜನ ವಾಡದ ಸುತ್ತ ನಿಂತಿದ್ದರು. ಭಾವ ಜಂಕ್ಷನ್ ಬಾಕ್ಸಿನ ವೈರನ್ನು ಕಿತ್ತು ಕೈಯಲ್ಲಿ ಹಿಡಿದು ನಿಂತಿದ್ದರು. ನನ್ನ ಗ್ರೈಂಡರ್ ಮಗುಚಿ ಬಿದ್ದಿತ್ತು. ಹೊಸಿಲ ಮರದಲ್ಲಿ ಒಂದು ಬೆರಳು ಆಳದ ಗಾಯ. ಅಕ್ಕ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು, ಮುಖ ಬಿಳುಚಿತ್ತು. ಬಲಗೈ ಕಾಣಲಿಲ್ಲ. ಸೆರಗಿನೊಳಗೆ ಇಟ್ಟುಕೊಂಡಿದ್ದಳು.

"ಕೈ ತೋರ್ಸಕ್ಕ," ಅಂದೆ. ಅವಳ ಮುಂದೆ ಕೂತು ಇನ್ನೊಂದು ಸಲ ಅಂದೆ. "ಕೈ ತೋರ್ಸು."

ಹೊರಗೆ ತೆಗೆದಳು. ಅರಿಶಿನ ಮೆತ್ತಿಕೊಂಡಿತ್ತು. ಒಂದೊಂದೇ ಬೆರಳು ಹಿಡಿದು ಎಣಿಸಿದೆ. ಐದೂ ಇದ್ದವು. ಮತ್ತೆ ಎಣಿಸಿದೆ. ಊರ ಜನರ ಮುಂದೆ ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡು ಅತ್ತೆ, ನಾಚಿಕೆ ಆಗಲಿಲ್ಲ.

ಆಮೇಲೆ ಭಾವನ ಬಾಯಿ ತೆರೆಯಿತು. "ಸ್ವಿಚ್ಚ ಆರಸ್ದೆ ಓಗಿದ್ದೀಯಲ್ಲಲಾ! ಗ್ಯಾನ ಅದಾ ನಿಂಗೆ? ಬಡ್ಕಂಡೆ ಅವತ್ತು, ಅಲ್ಲು ಕಿಸ್ದೆ. ನಾನೂ ಅಲ್ಲೇ ಕೆಲ್ಸ ಮಾಡ್ತಿದ್ನಲ್ಲ, ನನ್ ಮಿಷನ್ ಏನಾದ್ರೂ ಅಳ್ಳಾಡ್ತಾ? ಗ್ಯಾನ ಇಟ್ಕಂಡು ಮಾಡೋನ್ಗೂ ನಿನ್ನಂತೋನ್ಗೂ ಇದೇ ಯತ್ಯಾಸ!"

ಪ್ರತಿ ಮಾತೂ ನ್ಯಾಯವೇ. ತಲೆ ತಗ್ಗಿಸಿದೆ. ತಗ್ಗಿಸಿದ ಕಣ್ಣಿಗೆ ಅವರ ಗ್ರೈಂಡರ್ ಬಿತ್ತು. ಅದು ಇನ್ನೂ ಅಕ್ಕನ ತೊಡೆಯ ಮೇಲೇ ಇತ್ತು. ಬೆನ್ನಿಗೆ ಕುಂಕುಮದ ಮೂರು ಬೊಟ್ಟು. ಬೊಟ್ಟಿನ ಪಕ್ಕದಲ್ಲೇ ಸ್ವಿಚ್ಚು. ಅದು ಮುಂದಕ್ಕೆ ತಳ್ಳಿದ ಹಾಗೇ ಕೂತಿತ್ತು.

ಅವರೂ ಆರಿಸಿರಲಿಲ್ಲ. ಮೂರು ಸಲ ಅಳೆಯುವ ಮನುಷ್ಯ, ಮುಹೂರ್ತದ ಗಡಿಬಿಡಿಯಲ್ಲಿ ನನ್ನ ಹಾಗೇ ಇಟ್ಟು ಎದ್ದಿದ್ದರು. ಕರೆಂಟ್ ಬಂದಾಗ ಅಕ್ಕನ ಬಲಗೈ ಅದರ ಬ್ಲೇಡಿನ ಮೇಲಿತ್ತು. ನಾನು ಹೊಟ್ಟೆ ಹಿಡಿದು ನಕ್ಕಿದ್ದ ಆ ಅನುಕೂಲ ಒಂದೇ ಅಲ್ಲಿ ಸುಮ್ಮನೆ ಕೂತು ಆ ಕೈಯನ್ನು ಕಾದಿತ್ತು.

ನಾಲಿಗೆ ತುದಿಗೆ ಬಂದಿತ್ತು. ಜನ್ಮದಲ್ಲಿ ಒಂದು ಸಲ ಭಾವನ ಬಾಯಿ ಮುಚ್ಚಿಸುವ ಅವಕಾಶ, ಅದೂ ಊರಿನವರ ಎದುರಿಗೆ. ನಾನು ಬಾಯಿ ತೆರೆದೆ.

"ಬಯ್ಬ್ಯಾಡಿ ಬುಡಿ ಅತ್ಲಾಗೆ," ಅಂದಳು ಅಕ್ಕ. ನನ್ನ ತಲೆಯ ಮೇಲೆ ಅದೇ ಅರಿಶಿನದ ಕೈ ಇಟ್ಟಳು. "ಮೊದ್ಲು ನಿಂದೇ ಎತ್ಕಂಡಿದ್ದೆ ಕಣ ಮಗ. ಬಾಳ ಧೂಳಿತ್ತು. ಇದ್ನ ಆಮ್ಯಾಕೆ ನಿಧಾನಕ್ಕೆ ಚೆಂದಾಗಿ ಒರಸ್ಬೇಕು ಅಂತ ಕೆಳಕ್ಕಿಕ್ಕಿ, ಇವ್ರುದ ತಗಂಡೆ."

ತೆರೆದ ಬಾಯಿ ಮುಚ್ಚಿದೆ. ಎತ್ತಿಡುವ ನೆಪದಲ್ಲಿ ಭಾವನ ಮಿಷನ್ನನ್ನು ಅವಳ ತೊಡೆಯಿಂದ ತೆಗೆದುಕೊಂಡು, ಹೆಬ್ಬೆರಳಿನಿಂದ ಸ್ವಿಚ್ಚನ್ನು ಹಿಂದಕ್ಕೆ ಎಳೆದೆ. ಟಕ್ ಎಂದಿತು. ಗಲಾಟೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಮತ್ತೆ ಮಿಷನ್ ಮುಟ್ಟಲು ಮನಸ್ಸಾಗದೆ, ಉಳಿದ ಕಿವಿಯನ್ನು ಉಳಿ ಸುತ್ತಿಗೆಯಲ್ಲೇ ಕಡಿದು ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಬಾಗಿಲು ನಿಲ್ಲಿಸಿದೆವು. ಹೊಸಿಲನ್ನು ಬದಲಾಯಿಸುತ್ತೇನೆ ಅಂದೆ. ಅಕ್ಕ ಬೇಡ ಅಂದಳು. ಗಾಯಕ್ಕೆ ಹಲಸಿನದೇ ಒಂದು ಚೂರು ಕೂರಿಸಿದೆ, ಅಳೆದು, ಮೂರು ಸಲ.

ಭಾವ ಇವತ್ತಿಗೂ ಆ ಕಥೆಯನ್ನು ಹೋದ ಹೋದಲ್ಲಿ ಹೇಳುತ್ತಾರೆ, ನಾನು ಪಕ್ಕದಲ್ಲಿ ಕೂತು ಕೇಳುತ್ತೇನೆ. ನನ್ನ ಮಿಷನ್ನನ್ನು ಬಿಚ್ಚಿ ತಾಮ್ರ ಮಾರಿದೆ, ಅವರದರಂಥದ್ದೇ ತಂದೆ. ಒಟ್ಟಿಗೆ ಕೆಲಸ ಮಾಡುವಾಗ ಕರೆಂಟ್ ಹೋದರೆ ನಾನು ಬೀಡಿ ಹುಡುಕುವ ಹಾಗೆ ಎದ್ದು ಹೋಗಿ ಅವರ ಸ್ವಿಚ್ಚನ್ನೂ ನೋಡಿ ಬರುತ್ತೇನೆ. ಎರಡು ಸಲ ಮುಂದಕ್ಕೇ ಇತ್ತು, ಹಿಂದಕ್ಕೆ ಎಳೆದು ಬಂದೆ. ಆದರೂ ಅವರಿಗೆ ಹೇಳಿಲ್ಲ. ಹೇಳಿದರೆ ಅವರ ಜಂಬ ಇಳಿಯುತ್ತದೆ ಅಂತಲ್ಲ, ಅದು ಇಳಿದರೆ ನನಗೆ ಸಂತೋಷವೇ. ಅವರಿಗೆ ಹೇಳಿದ್ದು ಅಕ್ಕನ ಕಿವಿಗೆ ಬೀಳದೆ ಇರುವುದಿಲ್ಲ. ತಾನು ಆವತ್ತು ತೊಡೆಯ ಮೇಲೆ ಏನನ್ನು ಮಲಗಿಸಿಕೊಂಡು ಒರಸುತ್ತಿದ್ದೆ ಅಂತ ಅವಳಿಗೆ ಗೊತ್ತಾಗುವುದು ನನಗೆ ಬೇಡ.