ಅಜ್ಜ ಓಡಿಹೋದ ದಿನವನ್ನು ಹುಡುಕುತ್ತ

ಉಡುಪಿಯ ಸರ್ವಿಸ್ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಏಳೂವರೆಗೆ ಕಾಪು ಬಸ್ ಹತ್ತಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ನಮ್ಮ ಕಡೆಯ ಹತ್ತಾರು ಜನ ಸೇರಿ ಸ್ವಯಂಸೇವಕ ಆಂಬುಲೆನ್ಸ್ ದಳ ಕಟ್ಟಿದ್ದರು. ಗಾಡಿ ಒಂದೇ, ಪೆಟ್ರೋಲ್ ಅಪರೂಪ; ಹೆಚ್ಚಿನ ರೋಗಿಗಳು ಹೋದದ್ದು ಹೆಗಲ ಮೇಲೆಯೇ. ನನ್ನ ಅಜ್ಜ ಪಾಸ್ಕಲ್ ಆ ದಳದಲ್ಲಿದ್ದರು, ಹೆದರಿ ಓಡಿಹೋದರು ಎಂದು ಊರಿನ ಮಾತು. ‘ಓಡಿದವನ ಮಗ’ ಎನ್ನಿಸಿಕೊಂಡೇ ಬೆಳೆದ ದೊಡ್ಡಪ್ಪನಿಗೆ ಈಗ ಎಂಬತ್ತಾರು. ದಳದ ಚರಿತ್ರೆ ಬರೆಯುತ್ತೇನೆಂದಾಗ, “ಅಪ್ಪನ ಹೆಸರು ಬಿಟ್ಟುಬಿಡು” ಎಂದಿದ್ದರು. ಬಿಡುವವಳು ನಾನಲ್ಲ. ಆದರೆ ಸಾಕ್ಷಿ ಬೇಕಿತ್ತು. ಮಣಿಪಾಲದ ಗ್ರಂಥಾಲಯದಲ್ಲಿ ನಾಲ್ಕು ದಿನ ಹಳೆಯ ಪತ್ರಿಕೆ ತಿರುವಿದರೂ ಸಿಕ್ಕಿದ್ದು ಸೀನು ಮಾತ್ರ.

ಕಾಪುವಿನಲ್ಲಿ ಇಳಿಯುವಾಗಲೇ ಬೆವರು. ದಳದ ಮುಖ್ಯಸ್ಥರಾಗಿದ್ದ ತಿಮ್ಮಪ್ಪ ಶೆಟ್ಟರ ಮಗನ ಮನೆಗೆ ಇದು ನನ್ನ ಮೂರನೇ ಭೇಟಿ. ಮಗ ಮನೆಯಲ್ಲಿರಲಿಲ್ಲ. ಸೊಸೆ ವಾರಿಜಕ್ಕ ಚಾ, ಗೋಳಿಬಜೆ ತಂದಿಟ್ಟು ನಕ್ಕರು.

“ಪುನಃ ಬಂದ್ರಾ? ಇಲ್ಲಿ ಎಂತ ಉಂಟು ಮಾರಾಯ್ರೆ? ಆಗ ನಮ್ಮಲ್ಲಿ ಅಳಿಯಕಟ್ಟು, ಸೊತ್ತೆಲ್ಲ ಸೋದರಳಿಯಂದಿರಿಗೆ ಅಲ್ವಾ? ದಳದ ಕಾಗದಪತ್ರ ಇದ್ದ ಮಾವನ ಪೆಟ್ಟಿಗೆಯೂ ಹೋದದ್ದು ಅವರ ತಂಗಿಯ ಮಕ್ಕಳಿಗೆ. ಕಾರ್ಕಳಕ್ಕೆ ಹೋಗಿ.”

“ಮೊದಲೇ ಹೇಳಬಾರದಿತ್ತಾ?”

“ನೀವು ಕೇಳಿದ್ದು ಇವರ ಹತ್ತಿರ. ಪೆಟ್ಟಿಗೆಯ ಸುದ್ದಿ ಎತ್ತಿದರೆ ಇವರಿಗೆ ಈಗಲೂ ಸಿಟ್ಟು ಬರ್ತದೆ.”

ಅಪ್ಪನದೆಲ್ಲ ಮಗನಿಗೆ ಎಂಬುದು ನಮ್ಮ ಕ್ರಿಶ್ಚಿಯನ್ ಮನೆಗಳ ರೂಢಿ. ಆ ಬುದ್ಧಿಯಲ್ಲೇ ತಪ್ಪು ಬಾಗಿಲನ್ನು ಮೂರು ಸಲ ತಟ್ಟಿದ್ದೆ.

ಎರಡು ಬಸ್ ಬದಲಿಸಿ, ಬೆಳ್ಮಣ್ ದಾರಿಯಾಗಿ ಕಾರ್ಕಳ ಸೇರುವಾಗ ಮಧ್ಯಾಹ್ನ. ಶೆಟ್ಟರ ತಂಗಿಯ ಮಗಳು ಲೀಲಮ್ಮನಿಗೆ ತೊಂಬತ್ತರ ಹತ್ತಿರ. ಗಂಜಿ, ಉಪ್ಪಿನಕಾಯಿ ಬಡಿಸಿ, ನಾನು ಉಂಡ ಮೇಲೆಯೇ ಪೆಟ್ಟಿಗೆ ತೆಗೆದರು. ಒಳಗೆ ದಳದ ದಿನಚರಿ ಇತ್ತು. ವಾಂತಿಭೇದಿ ಹಬ್ಬಿದ ಹನ್ನೊಂದು ದಿನಗಳ ಪುಟಗಳಲ್ಲಿ ರೋಗಿಗಳ ಹೆಸರು. ಎದುರಿಗೆ, ‘ಹೊತ್ತವರು’ ಎಂಬಲ್ಲಿ, ಪ್ರತಿ ಸಲವೂ ಪಾಸ್ಕಲ್. ಹನ್ನೆರಡನೆಯ ದಿನ ಒಂದೇ ಸಾಲು: ‘ಪಾಸ್ಕಲ್ ಹೆದರಿ ಮನೆಗೆ ಹೋದ.’ ಮುಂದೆ ಎಲ್ಲೂ ಆ ಹೆಸರಿಲ್ಲ.

ಊರಿನ ಮಾತು ಸುಳ್ಳಾಗಲಿ ಎಂದು ಎಷ್ಟು ಆಸೆಪಟ್ಟಿದ್ದೆ ಎಂಬುದು ಆಗಲೇ ನನಗೆ ತಿಳಿದದ್ದು. ಕಣ್ಣು ತುಂಬಿತು.

“ಆ ಪುಟ ಬಿಟ್ಟು ಉಳಿದದ್ದರ ಫೋಟೋ ತೆಗೆಯಿರಿ. ಯಾರಿಗೂ ಗೊತ್ತಾಗುವುದಿಲ್ಲ,” ಎಂದರು ಲೀಲಮ್ಮ.

“ಬೇಡ ಅಮ್ಮ, ಅದೂ ಬೇಕು.”

ಸಂಜೆಯ ಉಡುಪಿ ಬಸ್ಸಿನಲ್ಲಿ ಕುಳಿತು ದೊಡ್ಡಪ್ಪನಿಗೆ ಫೋನ್ ಮಾಡಿದೆ. “ಅಜ್ಜ ಓಡಿಹೋದದ್ದು ನಿಜ. ಅದಕ್ಕೆ ಮೊದಲು ಹನ್ನೊಂದು ದಿನ ವಾಂತಿಭೇದಿಯವರನ್ನು ಹೊತ್ತದ್ದೂ ನಿಜ. ಎರಡನ್ನೂ ಬರೆಯುತ್ತೇನೆ.”

ದೊಡ್ಡಪ್ಪ ಕೇಳಿದರು, “ಯಾರನ್ನೆಲ್ಲ ಹೊತ್ತದ್ದು?”

ತೆಗೆದ ಫೋಟೋ ನೋಡುತ್ತ ಒಂದೊಂದೇ ಹೆಸರು ಓದಿದೆ. “ಇನ್ನೊಮ್ಮೆ ಓದು, ಜೋರಾಗಿ,” ಎಂದರು. ಬಸ್ಸಿನವರೆಲ್ಲ ತಿರುಗಿ ನೋಡಿದರು. ಹಿರಿಯಡ್ಕ ದಾಟಿದರೂ ನಾನು ಓದುತ್ತಲೇ ಇದ್ದೆ.