ಹಿತ್ತಲ ಶಾಸನ

“ಶಾಸನವೆಂದರೆ ಕಲ್ಲಿನ ಮೇಲೆ ಕೆತ್ತಿದ ಬರಹ.” ಎಮ್ಮಿಗನೂರಿನ ನನ್ನ ವಿದ್ಯಾರ್ಥಿನಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತ, ನಾನು ಬರೆಸಿದ್ದ ನೋಟ್ಸನ್ನು ಗಟ್ಟಿಯಾಗಿ ಉರು ಹೊಡೆಯುತ್ತಿದ್ದಳು. ಶಾಲೆಗೆ ಬಂದಿಲ್ಲವೇಕೆಂದು ವಿಚಾರಿಸಲು ಹೋಗಿದ್ದ ನಾನು, ಅವಳು ಒಗೆಯುತ್ತಿದ್ದ ಕಲ್ಲನ್ನು ಕಂಡು ನಿಂತುಬಿಟ್ಟೆ. ಅದರ ತುಂಬ ಹಳೆಯ ಕಾಲದ ಅಕ್ಷರಗಳು, ಮೇಲ್ಗಡೆ ಸೂರ್ಯ, ಚಂದ್ರ.

“ನೀ ಕುಂತು ಒಗಿಯಾಕತ್ತಿದ್ದು ಶಾಸನದ ಮ್ಯಾಲವ್ವಾ,” ಎಂದೆ.

“ಅಲ್ರಿ ಟೀಚರ್, ಶಾಸನ ಹಲ್ಮಿಡಿಯಾಗ ಐತ್ರಿ. ನೀವ ಬರೆಸೀರಿ. ಇದು ಅರಿವಿ ಒಗಿಯೋ ಕಲ್ಲು.”

ಒಳಗಿಂದ ಬಂದ ಅವಳ ತಾಯಿ, “ಅದರಾಗ ಏನ್ ಬರದೈತ್ರಿ?” ಎಂದು ಕೇಳಿದರು.

ಇತಿಹಾಸದಲ್ಲಿ ಎಂ.ಎ. ಮಾಡಿದ ನಾನು ಬಗ್ಗಿ ನೋಡಿದೆ. ಒಂದಕ್ಷರವೂ ತಿಳಿಯಲಿಲ್ಲ. “ಅದು ಪರೀಕ್ಷೆಗೆ ಬರಂಗಿಲ್ಲ ಬಿಡ್ರಿ,” ಎಂದೆ. ಹುಡುಗಿ ನೆಮ್ಮದಿಯಿಂದ ಮತ್ತೆ ಸೋಪು ಹಚ್ಚತೊಡಗಿದಳು.