ಸಿನಿಮಾದ ಕೂಸುಗಳಿಗಾಗಿ ಅತ್ತವರು

ಅವರ ಕೊರಳಿನ ಕೆಳಗೆ, ಎರಡು ಎಲುಬು ಬಂದು ಸೇರುವ ಕಡೆ, ಹೆಬ್ಬೆರಳು ಹಿಡಿಯುವಷ್ಟು ಒಂದು ಗುಳಿ ಇತ್ತು. ಮಾತಾಡುವ ಮೊದಲು ಆ ಗುಳಿಯ ಚರ್ಮ ಒಂದು ಕ್ಷಣ ಒಳಗೆ ಹೋಗಿ, ಅದುರಿ, ಮತ್ತೆ ಮೇಲೆ ಬರುತ್ತಿತ್ತು. ಎಪ್ಪತ್ತರ ಹತ್ತಿರದ ಹೆಂಗಸು. ಕೈಯೆಲ್ಲ ಸುಕ್ಕು, ಕೂದಲು ಪೂರಾ ಬೆಳ್ಳಗೆ. ಆ ಜಾಗ ಮಾತ್ರ ಎಳೆಗೂಸಿನ ನೆತ್ತಿಯ ಹಾಗೆ ಮಿಡಿಯುತ್ತಿತ್ತು. ಅವರು ಮಾತಾಡುವಾಗ ನಾನು ಮುಖ ನೋಡುವುದು ಬಿಟ್ಟು ಅದನ್ನೇ ನೋಡುತ್ತ ಕೂತಿರುತ್ತಿದ್ದೆ.

ಚೆನ್ನೈನ ವಡಪಳನಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅವರದು ಎದುರು ಮನೆ. ಮಗಳು, ಅಳಿಯನ ಜೊತೆ ಇದ್ದರು. ನಾವು ಮೈಸೂರಿನಿಂದ ಬಂದು ಇನ್ನೂ ಒಂದು ವಾರವಷ್ಟೇ ಆಗಿತ್ತು. ಗಂಡನಿಗೆ ಊರಾಚೆಯ ಕಾರು ಕಾರ್ಖಾನೆಯಲ್ಲಿ ಕೆಲಸ. ನಾನು ಮೇಷ್ಟರಗಿರಿ ಬಿಟ್ಟು ನಾಲ್ಕು ವರ್ಷದ ಮಗಳ ಹಿಂದೆ ಓಡುವ ಕೆಲಸಕ್ಕೆ ಸೇರಿದ್ದೆ. ಆ ಊರಿನ ಮಧ್ಯಾಹ್ನಗಳಿಗೆ ಒಂದು ಮಂಪರು ಇದೆ. ಪರದೆ ಎಳೆದು, ಫ್ಯಾನು ಹಾಕಿ, ಬರಿನೆಲದ ಮೇಲೆ ಮಲಗಿದರೆ ನಿದ್ದೆಯೋ ಎಚ್ಚರವೋ ತಿಳಿಯುವುದಿಲ್ಲ. ಹಾಗೆ ಮಲಗಿದ್ದಾಗ ಎದುರು ಮನೆಯಲ್ಲಿ ಕೂಸೊಂದು ಅಳುವುದು ಕೇಳಿಸಿತು. ಎರಡು ಮೂರು ತಿಂಗಳ ಕೂಸಿರಬೇಕು. ಆ ಮನೆಯಲ್ಲಿ ಕೂಸಿಲ್ಲ ಎಂದು ನನಗೆ ಗೊತ್ತಿತ್ತು. ಕನಸೆಂದುಕೊಂಡು ಕಣ್ಣು ಮುಚ್ಚಿದೆ. ಅಳು ಬಿಕ್ಕಿ ಬಿಕ್ಕಿ ಏರಿ ತುದಿ ಮುಟ್ಟಿ ಥಟ್ಟನೆ ನಿಂತಿತು. “ಶರಿ, ಇನ್ನೊಂದ್ ಸಲ,” ಎಂದಿತು ವಯಸ್ಸಾದ ದನಿ. ಕೂಸು ಮತ್ತೆ ಮೊದಲಿನಿಂದ ಅತ್ತಿತು.

ಸಂಜೆ ಹೆಪ್ಪಿಗೆ ಮೊಸರು ಕೇಳುವ ನೆಪ ಮಾಡಿಕೊಂಡು ಬಾಗಿಲು ತಟ್ಟಿದೆ. ನನ್ನ ಕನ್ನಡ ಕೇಳಿದ್ದೇ ಅವರ ಮುಖ ಅರಳಿತು. ಕನ್ನಡ ಸಿನಿಮಾಗಳು ಮದರಾಸಿನಲ್ಲೇ ತಯಾರಾಗುತ್ತಿದ್ದ ಕಾಲಕ್ಕೆ ಅವರ ಗಂಡ ಸ್ಟುಡಿಯೋದಲ್ಲಿ ಲೈಟ್‌ಮನ್ ಆಗಿ ಮಂಡ್ಯದ ಕಡೆಯಿಂದ ಬಂದವರು. ಕನ್ನಡ ಸಿನಿಮಾ ಬೆಂಗಳೂರಿಗೆ ಹೋಯಿತು, ಇವರು ಇಲ್ಲೇ ಉಳಿದರು. ಅವರ ಮಾತಿನೊಳಗೆ ತಮಿಳು ಹೇಳದೆ ಕೇಳದೆ ಬಂದು ಕೂತಿತ್ತು. ಮಗುವಿಗೆ ‘ಕೊಳಂದೆ’, ಪಾಪ ಎನ್ನಲು ‘ಪಾವಂ’, ಆಮೇಲೆ ಎನ್ನಬೇಕಾದಲ್ಲಿ ‘ಅಪ್ಪುರಂ’.

ಮಧ್ಯಾಹ್ನ ಅತ್ತ ಕೂಸಿನ ಬಗ್ಗೆ ಕೇಳಿದೆ. “ಹೆದರ್ಕೊಂಡ್ಯಾ, ಪಾವಂ!” ಎಂದು ನಕ್ಕರು. “ಕೊಳಂದೆ ಎಲ್ಲೂ ಇಲ್ಲ ಕಣಮ್ಮ, ನಾನೇ. ನಾಳೆ ಒಂದು ಸೀರಿಯಲ್‌ಗೆ ಅಳೋದಿದೆ. ಗಂಟ್ಲು ಸರಿ ಮಾಡ್ಕೋತಿದ್ದೆ.”

ಅವರ ಕಸುಬೇ ಅದು. ತೆರೆಯ ಮೇಲೆ ತೊಟ್ಟಿಲ ಕೂಸು ಬಾಯಿ ತೆರೆದರೆ, ಕತ್ತಲ ಕೋಣೆಯಲ್ಲಿ ಮೈಕಿನ ಮುಂದೆ ನಿಂತು ಇವರು ಅಳಬೇಕು. “ಅಳುವಿಗೆ ಭಾಷೆ ಇಲ್ಲ, ಅದಕ್ಕೇ ನಂಗೆ ನಾಕು ಭಾಷೇಲೂ ಕೆಲ್ಸ,” ಎನ್ನುತ್ತಿದ್ದರು. ಸೆರಗಿನ ಗಂಟಿನಲ್ಲಿ ಸದಾ ಬಾಲಮೆಣಸು, ಕಲ್ಲುಸಕ್ಕರೆ. ಐಸ್‌ಕ್ರೀಮ್ ಜನ್ಮದಲ್ಲಿ ತಿಂದವರಲ್ಲ. ಮದುವೆಮನೆಗೆ ಹೋದರೂ ಚೀಲದಲ್ಲಿ ಬಿಸಿನೀರಿನ ಫ್ಲಾಸ್ಕು ಇರುತ್ತಿತ್ತು.

ಬಸ್ಸಿನಲ್ಲೋ ಅಂಗಡಿಯಲ್ಲೋ ಯಾರದಾದರೂ ಮಗು ಅತ್ತರೆ ಅವರು ಕಣ್ಣು ಮುಚ್ಚಿ ಕೇಳುತ್ತಿದ್ದರು, ಸಂಗೀತಗಾರರು ಶ್ರುತಿ ಹಿಡಿಯುವ ಹಾಗೆ. ಆಮೇಲೆ ತೀರ್ಪು. ಇದು ನಿದ್ದೆಯ ಅಳು, ತೋಳಿಗೆ ಹಾಕಿಕೊಂಡರೆ ಸರಿಹೋಗುತ್ತೆ. ಇದು ಹಟದ್ದು, ಕಣ್ಣೀರೇ ಇಲ್ಲ ನೋಡು. ಒಂದು ಸಲ ಬಸ್ಸಿನಲ್ಲಿ ಒಬ್ಬ ಹುಡುಗ ಕಿರುಚುತ್ತಿದ್ದ. “ಹಸಿವು, ನೂರಕ್ಕೆ ನೂರು,” ಎಂದು ಬಿಸ್ಕತ್ತು ಕೊಡಲು ಎದ್ದರು. ನೋಡಿದರೆ ಚಡ್ಡಿ ಹಾಕಿದ ಆ ಪಾಪದವನನ್ನು ಇಂಜಿನ್ನಿನ ಪಕ್ಕದ ಕಾದ ಸೀಟಿನ ಮೇಲೆ ಕೂರಿಸಿದ್ದರು, ತೊಡೆ ಸುಡುತ್ತಿತ್ತು. ಇಳಿಯುವವರೆಗೂ ನಾನು ಅವರನ್ನು ರೇಗಿಸಿದೆ. ಅವರೂ ನಕ್ಕರು, ಆದರೆ ಆ ತಪ್ಪನ್ನು ಬಹಳ ದಿನ ಮರೆಯಲಿಲ್ಲ.

ಇನ್ನು ನನ್ನ ಮಗಳು. ನಲವತ್ತು ಮಕ್ಕಳ ತರಗತಿಯನ್ನು ಕಣ್ಣಲ್ಲೇ ಕೂರಿಸುತ್ತಿದ್ದ ನನಗೆ ಇವಳೊಬ್ಬಳು ನೀರು ಕುಡಿಸುತ್ತಿದ್ದಳು. ಮನೆಯಲ್ಲಿ ಬಂಗಾರ, ಹೊಸಿಲು ದಾಟಿದರೆ ಬೇರೆಯೇ ಹುಡುಗಿ. ಹೋಟೆಲಿನಲ್ಲಿ ಟೇಬಲ್ಲಿನ ಕೆಳಗೆ ನುಗ್ಗಿ ಪರರ ಚಪ್ಪಲಿ ಅದಲು ಬದಲು ಮಾಡುವುದು, ಲಿಫ್ಟಿನಲ್ಲಿ ಎಲ್ಲ ಗುಂಡಿಯನ್ನೂ ಒತ್ತುವುದು, ಬೇಡ ಎಂದರೆ ಇದ್ದಲ್ಲೇ ನೆಲದ ಮೇಲೆ ಅಂಗಾತ ಬೀಳುವುದು. ಕನ್ನಡದಲ್ಲಿ ಬೈದರೆ ಆರೇ ತಿಂಗಳಲ್ಲಿ ತಮಿಳಿನಲ್ಲಿ ಎದುರು ಮಾತಾಡುವಷ್ಟಾಗಿದ್ದಳು.

ಒಂದು ಕೃತ್ತಿಕೆಯ ದಿನ ಮುರುಗನ ಗುಡಿಯಲ್ಲಿ ಉದ್ದದ ಸಾಲು. ಸಾಲಿನ ಕಂಬಿಗೆ ಜೋತುಬೀಳಬೇಡ ಎಂದದ್ದಕ್ಕೆ ಬಿದ್ದಳು ನೆಲಕ್ಕೆ. ಕಾಲು ಬಡಿಯುವುದು, ಕೂಗಾಟ. ಸಾಲು ನಿಂತುಹೋಯಿತು. ಹಿಂದಿನಿಂದ ಒಬ್ಬರು ಎರಡು ಬಾರಿಸಿ ಎಂದರು, ಇನ್ನೊಬ್ಬರು ಈಗಿನ ತಾಯಂದಿರ ಬಗ್ಗೆ ಗಟ್ಟಿಯಾಗಿಯೇ ಏನೋ ಹೇಳಿದರು. ನನಗೆ ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು. ಆಗ ನನ್ನ ಪಕ್ಕದಲ್ಲಿದ್ದ ಎದುರು ಮನೆಯ ಅಮ್ಮ ಸೀರೆ ಮೇಲೆತ್ತಿಕೊಂಡು ಮೆಲ್ಲಗೆ ಮಗಳ ಪಕ್ಕ ಕುಕ್ಕರಗಾಲಲ್ಲಿ ಕೂತರು. ಬಾಯಿ ತೆರೆದರು. ಅವಳದೇ ದನಿ, ಅವಳದೇ ಶ್ರುತಿ. ಅದೇ ಅಳುವನ್ನು ಅವಳಿಗಿಂತ ಒಂದು ಮೆಟ್ಟಿಲು ಮೇಲೆ ಒಯ್ದು ಅತ್ತರು. ಮಗಳ ಬಾಯಿ ತೆರೆದಂತೆಯೇ ನಿಂತುಹೋಯಿತು. ಇಡೀ ಸಾಲು ನನ್ನನ್ನೂ ಮಗಳನ್ನೂ ಮರೆತು ಆ ಮುದುಕಿಯನ್ನು ನೋಡುತ್ತಿತ್ತು. ಕರ್ಪೂರದ ಹೊಗೆ, ಬಾಡಿದ ಹೂವಿನ ವಾಸನೆ, ಆ ನಡುವೆ ನೆಲದ ಮೇಲೆ ಕೂತು ನಾಲ್ಕು ವರ್ಷದವಳಾಗಿದ್ದ ಹೆಂಗಸು. ಇವತ್ತು ನೆನೆದರೂ ನಿಜವಾಗಿ ನಡೆಯಿತೋ ಇಲ್ಲವೋ ಅನ್ನಿಸುತ್ತದೆ.

ಹೊರಗೆ ಬಂದ ಮೇಲೆ ನಾನು, “ಎಲ್ಲರೂ ನಿಮ್ಮನ್ನೇ ನೋಡಿದ್ರಲ್ಲಮ್ಮ,” ಎಂದು ಪೇಚಾಡಿದೆ.

“ನೋಡ್ಲಿ ಬಿಡು. ಜನ್ಮವೆಲ್ಲ ಕತ್ಲೆ ರೂಮಲ್ಲಿ ಅತ್ತಿದೀನಿ, ಒಬ್ರೂ ನನ್ ಮುಖ ನೋಡಿಲ್ಲ. ಇವತ್ತು ಜೋರಾಯ್ತು,” ಎಂದರು. ಸ್ವಲ್ಪ ದೂರ ನಡೆದ ಮೇಲೆ ಮತ್ತೆ ಹೇಳಿದರು: “ನೋಡೋರಿಗೋಸ್ಕರ ಕೊಳಂದೆ ಮೇಲೆ ಕೈ ಮಾಡ್ಬೇಡ. ಅವ್ರೆಲ್ಲ ಅವ್ರವ್ರ ಮನೆಗೆ ಹೋಗ್ತಾರೆ. ಇವಳು ನಿನ್ ಜೊತೆ ನಿನ್ ಮನೆಗೆ ಬರ್ತಾಳೆ.”

ನಾನು ತಲೆಯಾಡಿಸಿದೆ. ಅಷ್ಟು ಹೊತ್ತಿಗಾಗಲೇ ನಾನು ಕೈ ಮಾಡುತ್ತಿದ್ದೆ ಎಂಬುದನ್ನು ಇಲ್ಲಿ ಹೇಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ಹೊಡೆಯುತ್ತಿರಲಿಲ್ಲ. ಹೊಡೆದರೆ ನಾಲ್ಕು ಜನ ನೋಡುತ್ತಾರೆ. ದುಪಟ್ಟಾದ ಮರೆಯಲ್ಲಿ ಕೈ ಇಳಿಸಿ, ಎರಡು ಬೆರಳಲ್ಲಿ ತೊಡೆಯ ಒಳಮೈ ಹಿಡಿದು ತಿರುವಿ ಚಿವುಟುತ್ತಿದ್ದೆ. ಮುಖದ ಮೇಲೆ ಮಾತ್ರ ನಗು. ಮರ್ಯಾದಸ್ಥ ತಾಯಂದಿರ ವಿದ್ಯೆ ಅದು. ನನ್ನ ಚಿಕ್ಕಂದಿನಲ್ಲಿ ನನ್ನ ಮೇಲೂ ನಡೆದಿತ್ತು. ಮಗಳು ಅಳುತ್ತಿದ್ದಳು, ಸುತ್ತಲಿನವರು ಹಟಮಾರಿ ಹುಡುಗಿ ಎನ್ನುತ್ತಿದ್ದರು, ನಾನೂ ಹೌದೆನ್ನುತ್ತಿದ್ದೆ. ರಾತ್ರಿ ಸ್ನಾನ ಮಾಡಿಸುವಾಗ ಆ ನೀಲಿ ಕಲೆ ಕಂಡರೆ ಬೇಗ ಬೇಗ ಸೋಪು ಹಚ್ಚುತ್ತಿದ್ದೆ. ದೀಪಾವಳಿಯ ಹೊತ್ತಿಗೆ, ಜನರ ನಡುವೆ ನಾನು ದುಪಟ್ಟಾ ಸರಿಮಾಡಿಕೊಂಡರೆ ಸಾಕು, ಮಗಳು ಒಂದು ಹೆಜ್ಜೆ ದೂರ ಸರಿಯಲು ಶುರು ಮಾಡಿದ್ದಳು.

ತಮ್ಮನ ಮದುವೆಗೆ ಸೀರೆ ತೆಗೆಯಲೆಂದು ಸೌಕಾರ್‌ಪೇಟೆಗೆ ಹೋದೆವು. ಎದುರು ಮನೆಯ ಅಮ್ಮನೂ ಬಂದಿದ್ದರು. ಬಿಳಿ ಹಾಸಿಗೆಯ ಮೇಲೆ ಕೂರಿಸಿ ಸೀರೆ ತೋರಿಸುವ ಇಕ್ಕಟ್ಟಿನ ಅಂಗಡಿ. ಮಗಳು ಆ ಹಾಸಿಗೆಯ ಮೇಲೆ ಕುಣಿದಳು, ಬಿಚ್ಚಿದ ಸೀರೆಗಳ ಮೇಲೆ ಉರುಳಿದಳು, ಕೊನೆಗೆ ಜೋಡಿಸಿಟ್ಟ ಒಂದು ರಾಶಿಯನ್ನೇ ಕೆಡವಿದಳು. ಅಂಗಡಿಯವರು ಪರವಾಗಿಲ್ಲ ಎಂದು ಹಲ್ಲು ಕಚ್ಚಿ ನಕ್ಕರು. ನಾನೂ ನಕ್ಕು, ಮಗಳನ್ನು ಪಕ್ಕಕ್ಕೆ ಎಳೆದುಕೊಂಡೆ. ಕೈ ತನ್ನ ಪಾಡಿಗೆ ತಾನು ದುಪಟ್ಟಾದ ಕೆಳಗೆ ಹೋಯಿತು.

ಅಮ್ಮ ಆಚೆ ತಿರುಗಿ ಒಂದು ಸೀರೆಯ ಅಂಚನ್ನು ಸವರುತ್ತಿದ್ದರು. ಮಗಳು ಅತ್ತಾಗ ಅವರ ಕೈ ಅಂಚಿನ ಮೇಲೆ ನಿಂತುಬಿಟ್ಟಿತು. ತಿರುಗಿ ನೋಡಲಿಲ್ಲ.

ವಾಪಸು ಬರುವಾಗ ಆಟೋ ಒಂದು ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡಿತು. ಮೂರು ಗಂಟೆಯ ಬಿಸಿಲು, ಅಲುಗಾಡದ ಗಾಳಿ. ಮಗಳು ಅವರ ತೊಡೆಯ ಮೇಲೆ ನಿದ್ದೆ ಹೋಗಿದ್ದಳು.

“ಚಿವುಟ್ದೆ, ಅಲ್ವಾ?” ಎಂದರು.

“ಇಲ್ಲಮ್ಮ,” ಎಂದೆ. ಎಷ್ಟು ಬೇಗ ಸುಳ್ಳು ಬಂತೆಂದರೆ ನನಗೇ ಗಾಬರಿಯಾಯಿತು.

ಅವರು ಸಿಟ್ಟಾಗಲಿಲ್ಲ. “ಬೇರೆ ಅಳೆಲ್ಲ ಯಾರನ್ನಾದ್ರೂ ಕರ್ಯೋ ಅಳು ಕಣಮ್ಮ. ಹಸಿದ್ರೆ ಅಮ್ಮನ್ನ ಕರೆಯುತ್ತೆ, ಹೆದರಿದ್ರೂ ಅಮ್ಮನ್ನೇ. ಇದೊಂದು ಅಳುವಿಗೆ ಮುಂಚೆ ಕೊಳಂದೆ ಒಂಚೂರು ಸುಮ್ನಿರುತ್ತೆ. ಅಮ್ಮನ್ನ ಕರೀಬೇಕು, ಆದ್ರೆ ಮಾಡಿದ್ದೂ ಅಮ್ಮನೇ. ಯಾರ್ನ ಕರೀಬೇಕೋ ಗೊತ್ತಾಗ್ದೆ ಅಮ್ಮನ್ ಮುಖಾನೇ ನೋಡುತ್ತೆ. ಅಪ್ಪುರಂ ಅಳುತ್ತೆ.”

ಇದೆಲ್ಲ ತಮಗೆ ಹೇಗೆ ಗೊತ್ತಾಯಿತೆಂದು ಅವರೇ ಹೇಳಿದರು. ಅವರ ಮಗಳು ಏಳು ತಿಂಗಳವಳಿದ್ದಾಗ ಒಂದು ಚಿತ್ರಕ್ಕೆ ಕೂಸು ಬೇಕಾಗಿತ್ತು. ಗಂಡ ಅಲ್ಲೇ ಕೆಲಸಕ್ಕಿದ್ದುದರಿಂದ ಇವರು ಮಗುವನ್ನು ಒಯ್ದರು. ದೃಶ್ಯದಲ್ಲಿ ಕೂಸು ಅಳಬೇಕು, ಇದು ದೀಪಗಳನ್ನು ನೋಡಿ ಕೇಕೆ ಹಾಕಿ ನಗುತ್ತಿತ್ತು. ಹೊತ್ತಾಯಿತು, ಎಲ್ಲರೂ ಚಡಪಡಿಸಿದರು. ಯಾರೋ ಬಂದು, ಅಮ್ಮಾ ಸ್ವಲ್ಪ ಚಿವುಟಿ ಎಂದರು.

“ಪಾದ ಚಿವುಟ್ದೆ. ನಗ್ತಿದ್ದದ್ದು ನಿಂತೋಯ್ತು. ನನ್ ಮುಖ ನೋಡ್ತು. ಎಷ್ಟ್ ಹೊತ್ತು ನೋಡ್ತು ಅಂತೀಯ! ಅಪ್ಪುರಂ ಅತ್ತಿತು. ಎಲ್ಲ ಚಪ್ಪಾಳೆ ತಟ್ಟಿದ್ರು. ಅವತ್ತು ಇನ್ನೂ ಎರಡು ಸಲ ಮಾಡ್ಸಿದ್ರು.”

ಮರುವಾರ ದನಿ ಸೇರಿಸುವ ಕೋಣೆಯ ಬಾಗಿಲಿಗೆ ಹೋಗಿ ನಿಂತು, ಕೂಸಿನ ಅಳು ಬೇಕಾದರೆ ನಾನು ಅಳುತ್ತೇನೆ ಎಂದು ತಾವಾಗಿಯೇ ಕೇಳಿಕೊಂಡರಂತೆ. ಆಮೇಲೆ ಮಗು ಹೊತ್ತುಕೊಂಡು ಬಂದ ಯಾವ ತಾಯಿ ಕಂಡರೂ ಹೇಳುತ್ತಿದ್ದರಂತೆ: ಕೂಸು ಬಾಯಿ ತೆರೆದರೆ ಸಾಕು, ಆಕಳಿಸಿದರೂ ಸಾಕು, ದನಿ ನಾನು ಕೊಡುತ್ತೇನೆ, ಮುಟ್ಟಬೇಡಿ. ಹಾಗೆ ನಲವತ್ತೈದು ವರ್ಷ ಅತ್ತರು.

“ಎಲ್ಲಾ ಅಳೂ ಅತ್ತಿದೀನಿ. ಆ ಮುಂಚಿನ ಸುಮ್ನಿರೋದನ್ನ ಮಾತ್ರ ಯಾವ ಪಿಕ್ಚರ್‌ಗೂ ಕೊಟ್ಟಿಲ್ಲ,” ಎಂದರು.

“ಮಗಳಿಗೆ ಹೇಳಿದೀರಾ ಅಮ್ಮ?”

ಸಿಗ್ನಲ್ಲು ಹಸಿರಾಗಿ, ಮತ್ತೆ ಕೆಂಪಾಯಿತು. “ಮನಸ್ಸಿಗೆ ಬರುತ್ತೆ. ಗಂಟ್ಲಿಗೆ ಬರಲ್ಲ,” ಎಂದರು.

ಮಾರನೆಯ ದಿನದಿಂದ ನಾನು ದೇವತೆಯಾದೆ ಎಂದರೆ ಸುಳ್ಳು. ಎರಡು ಸಲ ಕೈ ಮತ್ತೆ ಕೆಳಗೆ ಹೋಯಿತು. ಒಂದು ಸಲ ಅರ್ಧದಲ್ಲಿ ತಡೆದುಕೊಂಡೆ, ಇನ್ನೊಂದು ಸಲ ತಡೆಯಲಾಗಲಿಲ್ಲ. ಆ ಸಲ ಮಗಳ ಮುಖ ನೋಡಿದೆ. ಅವರು ಹೇಳಿದ್ದು ಅಲ್ಲಿತ್ತು. ನನ್ನನ್ನೇ ನೋಡುತ್ತಿದ್ದಳು, ಯಾರನ್ನು ಕರೆಯಬೇಕೆಂದು ತಿಳಿಯದೆ. ಅದೇ ಕೊನೆ. ಆಮೇಲೆ ಅವಳು ಬಿದ್ದು ಹೊರಳಾಡಿದರೆ ನಾನೂ ಪಕ್ಕದಲ್ಲಿ ಕೂರುವುದನ್ನು ಕಲಿತೆ, ಹೋಟೆಲಿನ ನೆಲವಾಗಲಿ ಬಸ್ ಸ್ಟಾಪಾಗಲಿ. ಜನ ಮಾತಾಡಿದರು. ಅವರೆಲ್ಲ ಅವರವರ ಮನೆಗೆ ಹೋದರು.

ಕಡೆಕಡೆಗೆ ಅಮ್ಮನಿಗೆ ಕೆಲಸ ಬರುವುದು ನಿಂತಿತು. “ಕಂಪ್ಯೂಟರ್‌ನಲ್ಲಿ ರಾಶಿ ಅಳು ತುಂಬಿಟ್ಕೊಂಡಿದಾರಂತೆ. ಅದ್ರಲ್ಲಿ ಅರ್ಧ ನಂದೇ,” ಎಂದು ನಗುತ್ತಿದ್ದರು. ಹೋದ ಬೇಸಿಗೆಯಲ್ಲಿ ಒಂದು ದಿನ ಊಟ ಮಾಡಿ ನೆಲದ ಮೇಲೆ ಒರಗಿದವರು ಏಳಲಿಲ್ಲ. ಮಧ್ಯಾಹ್ನದ ಆ ಮಂಪರಿನೊಳಗೇ ಹೋಗಿಬಿಟ್ಟರು. ಸ್ಟುಡಿಯೋದ ಕಡೆಯ ಹಳಬರು ಕೆಲವರು ಬಂದು ಗೋಡೆಗೊರಗಿ ನಿಂತರು. ಅವರ ಮಗಳು ತಾಯಿಯ ತಲೆಯ ಹತ್ತಿರ ಕೂತು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು: “ಅಮ್ಮ ನನ್ ಮೇಲೆ ಒಂದೇ ಒಂದ್ ದಿನಾನೂ ಕೈ ಎತ್ತಿಲ್ಲ. ಒಂದ್ ಏಟೂ ಹೊಡ್ದಿಲ್ಲ.” ನನ್ನ ಮುಖ ನೋಡಿಯೂ ಹೇಳಿದರು. ಹೌದು ಎಂದೆ. ಅವರಿಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ಆ ಧೈರ್ಯದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಮನೆಗೆ ಬಂದೆ. ಹನ್ನೊಂದು ವರ್ಷದ ನನ್ನ ಮಗಳು ಕಣ್ಣು ಊದಿಸಿಕೊಂಡು ಮಂಚದ ಮೇಲೆ ಕೂತಿದ್ದಳು. ಪಕ್ಕದಲ್ಲಿ ಕೂತೆ. ಈಗ ಹೇಳದಿದ್ದರೆ ನನಗೂ ಇದು ಎಂದಿಗೂ ಗಂಟಲಿಗೆ ಬರುವುದಿಲ್ಲ ಅನ್ನಿಸಿತು.

“ನೀನು ಚಿಕ್ಕೋಳಿದ್ದಾಗ, ಹೊರಗಡೆ ಹೋದಾಗೆಲ್ಲ, ಯಾರಿಗೂ ಕಾಣದ ಹಾಗೆ ನಿನ್ನ ಚಿವುಟ್ತಿದ್ದೆ ಕಣೇ. ತಪ್ಪು ಮಾಡ್ದೆ.”

ಯಾವಾಗ ಎಂದು ಕೇಳುತ್ತಾಳೆ ಎಂದುಕೊಂಡಿದ್ದೆ. ನಾಲ್ಕು ವರ್ಷದ ಮಗುವಿಗೆ ಏನು ನೆನಪಿರುತ್ತದೆ ಎಂದು ಇಷ್ಟು ವರ್ಷ ಸಮಾಧಾನ ಮಾಡಿಕೊಂಡವಳು ನಾನು. ಅವಳು ಏನೂ ಕೇಳದೆ ಎಡಗಡೆಯ ತೊಡೆಯ ಮೇಲೆ ಅಂಗೈ ಇಟ್ಟಳು.

“ಇಂಗೆ,” ಎಂದಳು. ಇಲ್ಲಿ. “ಞಾಪಗಂ ಇರ್ಕುಮ್ಮಾ.” ನೆನಪಿದೆ.

“ಒಂದ್ ದಿನಾನೂ ಯಾಕೆ ಹೇಳ್ಲಿಲ್ಲ?”

ನೀನು ಅಳುತ್ತೀಯ ಎಂದು, ಎಂದಳು, ತಮಿಳಿನಲ್ಲೇ. ಅಪ್ಪುರಂ ನೀನೇ ನಿಲ್ಲಿಸಿಬಿಟ್ಟೆಯಲ್ಲ, ಎಂದೂ ಹೇಳಿದಳು.

ಎದುರು ಮನೆಯ ಅಮ್ಮನಿಗೆ ಜೀವಮಾನವೆಲ್ಲ ಸಿಗದೆ ಹೋದದ್ದು ನನಗೆ ಸಿಕ್ಕಿತ್ತು, ಅವರು ಕೊಟ್ಟದ್ದರಿಂದಲೇ ಸಿಕ್ಕಿತ್ತು. ಹೋಗಿ ಹೇಳೋಣವೆಂದರೆ ಅವರಿಲ್ಲ. ನನಗೆ ಅಳು ಬಂತು. ಮಗಳು ಸುಮ್ಮನಿರು ಎನ್ನಲಿಲ್ಲ. ಅದು ಮುಗಿಯುವವರೆಗೂ ಪಕ್ಕದಲ್ಲೇ ಕೂತಿದ್ದಳು.